ಎಷ್ಟು ಹೇಳಿದರೂ ಕೇಳುವುದಿಲ್ಲ

"ಎಷ್ಟು ಹೇಳಿದರೂ ಕೇಳುವುದಿಲ್ಲ ಇವರು!" ಮೂವತ್ತಮೂರು ವರ್ಷಗಳ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಯಾರಾದರೂ ಲೆಕ್ಕ ಇಟ್ಟಿದ್ದರೆ, ಬಹುಶಃ ಇದೇ ಮೊದಲ ಸ್ಥಾನದಲ್ಲಿರುತ್ತಿತ್ತು. ನಾನು ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಶಿಕ್ಷಣದ ಕೆಲಸದಲ್ಲಿದ್ದವಳು. ಸೂಜಿ ಚುಚ್ಚುವವಳಲ್ಲ, ಹೆರಿಗೆ ಮಾಡಿಸುವವಳಲ್ಲ, ಹೇಳುವವಳು. ಹೇಳುವುದಕ್ಕೇ ಸಂಬಳ. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಯ ಬಗ್ಗೆ ಹೇಳಿದೆ, ಬಾಣಂತಿಯರಿಗೆ ಮೊದಲ ಹಾಲಿನ ಬಗ್ಗೆ ಹೇಳಿದೆ, ಶಾಲೆ ಮಕ್ಕಳಿಗೆ ಕೈ ತೊಳೆಯುವುದನ್ನು ಹೇಳಿದೆ. ಕೊಟ್ಟ ಮಾತ್ರೆಗಳು ಅಕ್ಕಿ ಡಬ್ಬದ ಹಿಂದೆ ಹಾಗೇ ಕೂತಿರುತ್ತಿದ್ದವು. ಆಗ ಆಫೀಸಿಗೆ ಬಂದು ಕುರ್ಚಿಗೆ ಒರಗಿ ಈ ಮಾತು ಆಡಿದರೆ ಸಹೋದ್ಯೋಗಿಗಳೆಲ್ಲ ತಲೆಯಾಡಿಸುತ್ತಿದ್ದರು. ತಪ್ಪು ನಮ್ಮದಲ್ಲ, ಕೇಳದವರದು ಎಂಬ ಸಮಾಧಾನ ಅದರಲ್ಲಿತ್ತು.

ಆ ಸಮಾಧಾನವನ್ನು ಕಿತ್ತುಕೊಂಡವರು ನಮ್ಮ ಅತ್ತೆ.

ನಮ್ಮದು ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ನಮ್ಮ ಕಡೆ ಊಟವಾದ ಮೇಲೆ ಕವಳ ಹಾಕದಿದ್ದರೆ ಊಟ ಮುಗಿದ ಹಾಗೇ ಅಲ್ಲ. ನೆಂಟರು ಬಂದರೆ ನೀರು ಬೆಲ್ಲದ ಬೆನ್ನಿಗೇ ಹರಿವಾಣ ಬರಬೇಕು. ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ಅಡಕತ್ತರಿ, ಮತ್ತೆ ಒಂದು ಪುಟ್ಟ ಹಿತ್ತಾಳೆ ಬಟ್ಟಲಿನಲ್ಲಿ ಹೊಗೆಸೊಪ್ಪು. ಅತ್ತೆಯವರು ಮದುವೆಯಾಗಿ ಬಂದ ಹೊಸತರಲ್ಲಿ ಅವರ ಅತ್ತೆ ಹಲ್ಲುನೋವಿಗೆಂದು ಚಿಟಿಕೆ ಹೊಗೆಸೊಪ್ಪು ಕೊಟ್ಟರಂತೆ. ಹಲ್ಲು ಬಿದ್ದುಹೋಯಿತು, ಹೊಗೆಸೊಪ್ಪು ಉಳಿಯಿತು. ನಾನು ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವರಿಗೆ ದಿನಕ್ಕೆ ಏಳೆಂಟು ಕವಳ ಬೇಕಿತ್ತು. ರಾತ್ರಿ ಒಂದನ್ನು ದವಡೆಗೆ ಒತ್ತಿಕೊಂಡೇ ಮಲಗುತ್ತಿದ್ದರು.

ನೌಕರಿ ಸಿಕ್ಕಿದ ಮೇಲೆ ಸೊಸೆಯ ವಿದ್ಯೆ ಮೊದಲು ಮನೆಯಲ್ಲೇ ಉಪಯೋಗವಾಗಬೇಕೆಂಬ ಉತ್ಸಾಹ ನನ್ನದು. ಊಟಕ್ಕೆ ಕೂತಾಗ, ಹೂ ಕಟ್ಟುವಾಗ, ಅವರು ಹರಿವಾಣ ಎಳೆದುಕೊಂಡಾಗಲೆಲ್ಲ ಪಾಠ ಮಾಡುತ್ತಿದ್ದೆ. ಅವರು ನಗುತ್ತಿದ್ದರು. "ನಮ್ಮ ಅಜ್ಜಿ ತೊಂಬತ್ತು ವರ್ಷ ಬದುಕಿದ್ದರು ಮಾರಾಯ್ತಿ, ಸಾಯುವ ದಿನವೂ ಕವಳ ಹಾಕಿದ್ದರು" ಎನ್ನುತ್ತಿದ್ದರು. ಎಲ್ಲರ ಮನೆಯಲ್ಲೂ ಇಂಥ ಒಬ್ಬ ಅಜ್ಜಿ ಇರುತ್ತಾರೆ, ನಿಮಗೂ ಗೊತ್ತು. ನಮ್ಮಂಥವರ ಕೆಲಸಕ್ಕೆ ಅವರಷ್ಟು ದೊಡ್ಡ ಶತ್ರು ಬೇರೆ ಇಲ್ಲ.

1996ರಲ್ಲಿ ನಾನು ಆಫೀಸಿನಿಂದ ಒಂದು ದೊಡ್ಡ ಚಿತ್ರಪಟ ತಂದೆ. ಬಾಯಿಯ ಕ್ಯಾನ್ಸರಿನದು. ಕೆನ್ನೆ ತೂತಾಗಿ ಹಲ್ಲು ಕಾಣುತ್ತಿದ್ದ ಆ ಮುಖವನ್ನು ಇಲ್ಲಿ ವರ್ಣಿಸುವುದಿಲ್ಲ. ಅದನ್ನು ಅತ್ತೆಯ ಮುಂದೆ ಬಿಡಿಸಿ ಹಿಡಿದು, "ಹೀಗಾಗಬೇಕಾ ನಿಮಗೆ?" ಎಂದು ಕೇಳಿದೆ. ಅವರು ಒಂದು ಗಳಿಗೆ ನೋಡಿದರು. ಮುಖ ಬಿಳಿಚಿಕೊಂಡಿತು. ಎದ್ದು ಒಳಗೆ ಹೋದರು. ಅಂದಿನಿಂದ ಜಗಲಿಯ ಮೇಲೆ ಅವರು ಕವಳ ಹಾಕಿದ್ದನ್ನು ನಾನು ಕಾಣಲಿಲ್ಲ. ನನಗೆ ಎಂಥ ಹೆಮ್ಮೆ! ಮುಂದಿನ ತರಬೇತಿಯಲ್ಲಿ ಹೆಸರು ಹೇಳದೆ ಅವರದೇ ಉದಾಹರಣೆ ಕೊಟ್ಟೆ.

ಅವರು ಬಿಟ್ಟಿರಲಿಲ್ಲ. ಕೊಟ್ಟಿಗೆಯಲ್ಲಿ ಹಾಕುತ್ತಿದ್ದರು. ದನಗಳ ಮಧ್ಯೆ ನಿಂತು, ಅರವತ್ತಾರು ವರ್ಷದ ಯಜಮಾನಿ, ಶಾಲೆಯ ಹುಡುಗ ಕದ್ದು ಬೀಡಿ ಸೇದುವ ಹಾಗೆ.

ಎರಡು ವರ್ಷ ಕಳೆದ ಮೇಲೆ ಅವರು ಸಾರಿಗೆ ಖಾರ ಹೆಚ್ಚಾಯಿತೆಂದು ದೂರತೊಡಗಿದರು. ಆಮೇಲೆ ಮೊಸರನ್ನಕ್ಕೆ ಉಪ್ಪಿನಕಾಯಿ ಬೇಡವೆಂದರು. ವಯಸ್ಸಾಯಿತು ಎಂದುಕೊಂಡು ಅವರಿಗೆ ಬೇರೆ ಸಪ್ಪೆ ಸಾರು ಮಾಡತೊಡಗಿದೆ. ನೋಡಿ, ಬಾಯಲ್ಲಿ ಖಾರ ತಡೆಯದಿರುವುದು, ಉರಿ, ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು ಎಂದು ನೂರಾರು ಸಭೆಗಳಲ್ಲಿ ಬೆರಳು ಮಡಿಸಿ ಹೇಳಿದವಳು ನಾನು. ನನ್ನದೇ ಒಲೆಯ ಮುಂದೆ ಅದು ಕೂತಿದ್ದರೆ ಗುರುತು ಹಿಡಿಯಲಿಲ್ಲ. ಗುರುತು ಹಿಡಿದದ್ದು ನನ್ನ ಮಗಳು. ಅಜ್ಜಿ ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಅಮ್ಮಾ, ಅಜ್ಜಿ ಕೆನ್ನೆ ಒಳಗೆ ಸುಣ್ಣ ಬಳಿದ ಹಾಗಿದೆ" ಎಂದು ಓಡಿ ಬಂದಳು.

"ಎಷ್ಟು ದಿನದಿಂದ ಇದೆ ಅತ್ತೆ?"

"ಹೋದ ದೀಪಾವಳಿಯಿಂದ."

ಹತ್ತು ತಿಂಗಳು! ನಾನು ಕೂಗಾಡಿದೆ. ಮನೆಯಲ್ಲೇ ನಾನಿದ್ದೇನೆ, ಒಂದು ಮಾತು ಹೇಳಬಾರದಿತ್ತೇ ಎಂದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಬಹಳ ಮೆಲ್ಲಗೆ ಹೇಳಿದರು: "ನಿಂಗೆ ಹೇಳಿದ್ರೆ, ನೀನು ಹೇಳಿದ್ದೇ ಸರಿ ಆಗ್ತಿತ್ತಲ್ಲ."

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಕೆನ್ನೆಯ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಆಗಬಹುದಾದದ್ದು, ಹೊಗೆಸೊಪ್ಪು ಬಿಡಲೇಬೇಕು ಎಂದರು ವೈದ್ಯರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ನಿದ್ದೆ ಹೋಗಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ ಅವರ ಆ ಒಂದು ಮಾತನ್ನೇ ತಿರುವಿ ಹಾಕುತ್ತಿದ್ದೆ. ಸರಿಯಾದದ್ದನ್ನೇ ಹೇಳಿದ್ದೆನಲ್ಲ? ಸರಿಯಾದದ್ದನ್ನು ಹೇಳಿ ಒಬ್ಬರನ್ನು ಸಾವಿನ ಹತ್ತಿರ ತಳ್ಳುವುದು ಸಾಧ್ಯವೇ?

ಮನೆಗೆ ಬಂದವಳೇ ಅಟ್ಟದ ಮೇಲಿದ್ದ ಹಳೆಯ ನೋಟ್ಸು ಇಳಿಸಿದೆ. ಡಿಪ್ಲೊಮಾ ಓದುವಾಗ ಬರೆದುಕೊಂಡದ್ದು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡು ಮರೆತದ್ದು. ಅದರ ಮೊದಲಲ್ಲೇ ಒಂದು ಕತೆಯಿತ್ತು. 1950ರ ದಶಕದಲ್ಲಿ ಅಮೆರಿಕದ ಸರಕಾರಿ ಆರೋಗ್ಯ ಇಲಾಖೆ ಕ್ಷಯ ಪತ್ತೆಗೆಂದು ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿಟ್ಟು ಜನರ ಬಾಗಿಲಿಗೇ ಕಳಿಸಿತು. ಪುಕ್ಕಟೆ. ಆದರೂ ಬಹಳ ಜನ ಬರಲಿಲ್ಲ. ಅಲ್ಲಿನ ಅಧಿಕಾರಿಗಳೂ ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದೇ ಗೊಣಗಿರಬೇಕು. ಆದರೆ ಇಲಾಖೆಯಲ್ಲಿದ್ದ ಹೊಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಕೆಲವು ಮನಃಶಾಸ್ತ್ರಜ್ಞರು ಪ್ರಶ್ನೆಯನ್ನೇ ತಿರುಗಿಸಿದರು. ಬಾರದವರ ಮನಸ್ಸಿನಲ್ಲಿ ಏನಿದೆ? ಈ ರೋಗ ನನಗೂ ಬಂದೀತು ಎಂದು ಅವರಿಗೆ ಅನ್ನಿಸಿದೆಯೇ? ಬಂದರೆ ಎಷ್ಟು ಕೆಟ್ಟದ್ದೆಂದು ತಿಳಿದಿದ್ದಾರೆ? ಹೇಳಿದಂತೆ ಮಾಡಿದರೆ ಲಾಭವಿದೆ ಎಂಬ ನಂಬಿಕೆ ಇದೆಯೇ? ಎಲ್ಲಕ್ಕಿಂತ, ಮಾಡಲು ಅಡ್ಡ ಬರುವುದೇನು? ಇದಕ್ಕೆ ಆರೋಗ್ಯ ನಂಬಿಕೆಯ ಮಾದರಿ ಎಂದು ಹೆಸರು. ಪುಸ್ತಕದಲ್ಲಿ ಓದುವಾಗ ಒಣ ಒಣ ಎನಿಸಿದ್ದು, ಈಗ ಅತ್ತೆಯ ಮುಖ ನೆನೆದು ಓದಿದರೆ ಬೇರೆಯೇ ಆಗಿ ಕಂಡಿತು. ಮೊದಲೆರಡು ಪ್ರಶ್ನೆಗಳನ್ನೇ ನಾನು ಹದಿನೈದು ವರ್ಷ ಹೊಡೆದಿದ್ದೆ. ಅಡ್ಡ ಬರುವುದೇನೆಂದು ಒಂದು ದಿನವೂ ಅವರನ್ನು ಕೇಳಿರಲಿಲ್ಲ. ಅಡ್ಡ ಬಂದವಳು ನಾನೇ ಆಗಿದ್ದೆ.

ಅದೇ ನೋಟ್ಸಿನಲ್ಲಿ ಇನ್ನೊಂದು ಪ್ರಯೋಗದ ವಿವರವಿತ್ತು. 1965ರಲ್ಲಿ ಪ್ರಕಟವಾದದ್ದು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಪುಸ್ತಿಕೆ ಕೊಟ್ಟರು, ಕೆಲವರಿಗೆ ಸೌಮ್ಯವಾದದ್ದು, ಕೆಲವರಿಗೆ ಭಯಂಕರ ಚಿತ್ರಗಳಿದ್ದದ್ದು. ಭಯಂಕರ ಪುಸ್ತಿಕೆ ಓದಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಹಾಕಿಸಿಕೊಳ್ಳುತ್ತೇವೆ ಎಂದು ಹೆಚ್ಚು ಜೋರಾಗಿ ಹೇಳಿದರು. ಹೋಗಿ ಹಾಕಿಸಿಕೊಂಡವರು ಮಾತ್ರ ನೂರಕ್ಕೆ ಮೂವರು. ಇನ್ನು ಕೆಲವರಿಗೆ ಪುಸ್ತಿಕೆಯ ಜೊತೆ ಆರೋಗ್ಯ ಕೇಂದ್ರದ ನಕ್ಷೆ ಕೊಟ್ಟು, ವಾರದ ಯಾವ ಹೊತ್ತಿನಲ್ಲಿ ಅತ್ತ ಹೋಗಬಹುದು ಎಂದು ಯೋಚಿಸಲು ಹೇಳಿದರು. ಅವರಲ್ಲಿ ನೂರಕ್ಕೆ ಸುಮಾರು 28 ಜನ ಹೋದರು. ಎಲ್ಲರೂ ಕೊನೆಯ ವರ್ಷದವರು, ಆ ಕಟ್ಟಡ ಎಲ್ಲಿದೆ ಎಂದು ಗೊತ್ತಿದ್ದವರೇ! ಬರಿಯ ನಕ್ಷೆ ಸಿಕ್ಕಿ ಹೆದರಿಕೆ ಏನೂ ಸಿಗದವರು ಹೋಗಲಿಲ್ಲ ಎನ್ನುವುದೂ ನಿಜ. ಹಾಗಾಗಿ ಹೆದರಿಕೆ ಪೂರ್ತಿ ದಂಡವೆಂದು ನಾನು ಹೇಳಲಾರೆ. ಆದರೆ ಹೆದರಿಸಿ ದಾರಿ ತೋರಿಸದೆ ಬಿಟ್ಟರೆ, ಹೆದರಿದವರು ರೋಗದಿಂದ ಓಡುವುದಿಲ್ಲ, ಹೆದರಿಸಿದವರಿಂದ ಓಡುತ್ತಾರೆ. ನಮ್ಮ ಅತ್ತೆ ಕೊಟ್ಟಿಗೆಗೆ ಓಡಿದರು.

ಈಗ ತಂಬಾಕಿನ ಪೊಟ್ಟಣಗಳ ಮೇಲೆಯೇ ಚಿತ್ರ ಬರುತ್ತದೆ. 2009ರ ಮೇ 31ರಿಂದ ಕಡ್ಡಾಯವಾಯಿತು. ಮೊದಲು ಜಗಿಯುವ ತಂಬಾಕಿನ ಮೇಲೆ ಚೇಳಿನ ಚಿತ್ರ ಹಾಕಿದ್ದರು. ನಮ್ಮೂರಿನ ಅಂಗಡಿಯಲ್ಲಿ ಒಬ್ಬ ಹಿರಿಯರು "ಚೇಳು ಛಾಪಿಂದು ಕೊಡಪ್ಪ" ಎಂದು ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. 2016ರ ಏಪ್ರಿಲಿನಿಂದ ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಗೇ ಮೀಸಲು. ಇದು ಸರಿಯೆಂದೇ ನನ್ನ ಅಭಿಪ್ರಾಯ. ಮಾರುವವನು ತನ್ನ ಸರಕಿನ ನಿಜ ಹೇಳಲೇಬೇಕು. ಆದರೆ ಪೊಟ್ಟಣಕ್ಕೂ ಸೊಸೆಗೂ ವ್ಯತ್ಯಾಸವಿದೆ. ಪೊಟ್ಟಣ ಒಂದೇ ಸೂರಿನಡಿ ನಮ್ಮ ಜೊತೆ ಬಾಳುವುದಿಲ್ಲ, ಊಟಕ್ಕೆ ಬಡಿಸುವುದಿಲ್ಲ, ರೋಗ ಬಂದ ದಿನ "ನಾನು ಆಗಲೇ ಹೇಳಿರಲಿಲ್ಲವೇ" ಎನ್ನುವುದಿಲ್ಲ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಸೇದುವವರು ನೂರಕ್ಕೆ ಇಬ್ಬರು. ಹೊಗೆಯಿಲ್ಲದ ತಂಬಾಕು ಬಳಸುವವರು ನೂರಕ್ಕೆ ಸುಮಾರು ಹದಿಮೂರು. ಗಂಡಸಿನ ಬೀಡಿ ಎಲ್ಲರಿಗೂ ಕಾಣುತ್ತದೆ, ಹೆಂಗಸಿನ ಹೊಗೆಸೊಪ್ಪು ಸೆರಗಿನ ಗಂಟಿನಲ್ಲಿ ಇರುತ್ತದೆ. ಮೊದಲೇ ಮುಚ್ಚಿಟ್ಟದ್ದಕ್ಕೆ ನಾಚಿಕೆಯನ್ನೂ ಸೇರಿಸಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಅತ್ತೆ ಬಿಟ್ಟದ್ದು ಹೇಗೆಂದು ಕೇಳುತ್ತೀರಿ. ಒಂದೇ ದಿನಕ್ಕಲ್ಲ. ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡು, "ಯಾವ ಹೊತ್ತಿನಲ್ಲಿ ಬೇಕೇಬೇಕು ಅನ್ನಿಸ್ತದೆ ಅತ್ತೆ?" ಎಂದಷ್ಟೇ ಕೇಳಿದೆ. ಬೆಳಿಗ್ಗೆ ಕಾಫಿಯಾದ ಮೇಲೆ ಮತ್ತು ರಾತ್ರಿ ಮಲಗುವಾಗ, ಉಳಿದದ್ದೆಲ್ಲ ಕೈಗೆ ಕೆಲಸವಿಲ್ಲದ್ದಕ್ಕೆ ಎಂದರು. ನನಗೇ ಆಶ್ಚರ್ಯ. ಅಷ್ಟು ಸ್ಪಷ್ಟವಾಗಿ ತನ್ನನ್ನು ತಾನು ಅರಿತವರಿಗೆ ನಾನು ಪಾಠ ಮಾಡುತ್ತಿದ್ದೆನಲ್ಲ! ಕೈಗೆ ಕೆಲಸವಿಲ್ಲದ್ದರಿಂದ ಹಾಕುವುದನ್ನು ಮೊದಲು ಬಿಟ್ಟರು. ಬಟ್ಟಲಿಗೆ ಹುರಿದ ಸೋಂಪು, ಲವಂಗ ಹಾಕಿಟ್ಟುಕೊಂಡರು. ಸಣ್ಣ ಸಣ್ಣ ಗೆಲುವು ಕಂಡಂತೆ ನನ್ನಿಂದ ಆಗುತ್ತದೆ ಎಂಬ ನಂಬಿಕೆ ಹುಟ್ಟುತ್ತದೆ, ಆ ನಂಬಿಕೆಯೇ ಮುಂದಿನ ಹೆಜ್ಜೆ ಇಡಿಸುತ್ತದೆ ಎಂದು ಬಂಡೂರ ಎಂಬ ಮನಃಶಾಸ್ತ್ರಜ್ಞರು 1977ರಲ್ಲೇ ಬರೆದಿದ್ದರು. ನಮ್ಮ ಅತ್ತೆ ಅದನ್ನು "ನಿನ್ನೆ ಆಗಿದೆ ಅಂದ್ಮೇಲೆ ಇವತ್ತೂ ಆಗ್ತದೆ" ಎನ್ನುತ್ತಿದ್ದರು. ನಾಲ್ಕು ತಿಂಗಳ ಮೇಲೆ ತಂಗಿಯ ಮಗನ ಮದುವೆಗೆ ಹೋದವರು ಮೂರು ದಿನ ಮನಸಾರೆ ಹಾಕಿಕೊಂಡು ಬಂದರು. ಬಂದ ದಿನ ಅವರೇ ಬಂದು ಹೇಳಿದರು. ಸಿಗರೇಟು ಬಿಟ್ಟವರನ್ನು ಅಧ್ಯಯನ ಮಾಡಿದವರು, ಹಿಂದಕ್ಕೆ ಜಾರುವುದೂ ಬಿಡುವ ದಾರಿಯಲ್ಲೇ ಬರುವ ಒಂದು ತಿರುವು ಎನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವರೇ ಬಂದು ಹೇಳಿದ್ದು. ಮಚ್ಚೆ ಮುಂದಿನ ವರ್ಷದ ಹೊತ್ತಿಗೆ ಮಸುಕಾಯಿತು. 2009ರಲ್ಲಿ ತೀರಿಕೊಂಡರು, ಹೃದಯದ ತೊಂದರೆಯಿಂದ. ಎಲೆ ಅಡಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ನನ್ನ ಜಾಣತನದ ಕತೆಯಾಗುತ್ತಿತ್ತು. ನಿಜವಾದ ತೊಡಕು ಬೇರೆ ಇದೆ.

ಕೊನೆಕೊಯ್ಲಿನ ಕಾಲದಲ್ಲಿ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿತ ನಡೆಯುತ್ತಿತ್ತು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಸುಲಿದಷ್ಟಕ್ಕೆ ಕೂಲಿ. ಎಲೆ, ಅಡಿಕೆ, ಹೊಗೆಸೊಪ್ಪು ಮನೆಯವರದು. ಅದು ಪದ್ಧತಿ. ಆ ಹರಿವಾಣವನ್ನು ತುಂಬಿ ಅವರ ಮುಂದೆ ಇಡುತ್ತಿದ್ದವಳು ನಾನು. ಹಗಲು ಸರಕಾರಿ ಜೀಪಿನಲ್ಲಿ ಹೋಗಿ ತಂಬಾಕಿನ ದುಷ್ಪರಿಣಾಮ ಹೇಳಿ ಬಂದವಳು, ರಾತ್ರಿ ಅದೇ ಕೈಯಿಂದ ಹೊಗೆಸೊಪ್ಪು ಹಂಚುತ್ತಿದ್ದೆ. ಅತ್ತೆಯ ಪ್ರಕರಣವಾಗುವವರೆಗೆ ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

1999ರ ಕೊಯ್ಲಿನಲ್ಲಿ ಹರಿವಾಣದಿಂದ ಆ ಬಟ್ಟಲನ್ನು ತೆಗೆದೆ. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೆಯ ದಿನ, ಅವರಲ್ಲಿ ತುಸು ಬಾಯಿ ಜೋರಿದ್ದ ಒಬ್ಬಾಕೆ ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಅಮ್ಮಾ, ನಿಮ್ಮತ್ತೆಯೋರು ಬಿಟ್ಟರು ಅಂತ ನಾವೂ ಬಿಡಬೇಕು ಅಂತ ನೀವೇ ತೀರ್ಮಾನ ಮಾಡಿದ್ರಾ?" ನಾನು ಕ್ಯಾನ್ಸರಿನ ಮಾತೆತ್ತಿದೆ. ಅವಳು ನಕ್ಕಳು. "ಅದೆಲ್ಲ ಗೊತ್ತು. ಹನ್ನೊಂದು ಗಂಟೆ ತನಕ ಹಸಿವು, ನಿದ್ದೆ ಎರಡೂ ಬರದ ಹಾಗೆ ಬೇರೆ ಏನಾದ್ರೂ ಇದ್ರೆ ಕೊಡಿ."

ಅಡ್ಡಿ ಏನೆಂದು ಪುಸ್ತಕ ಕೇಳಲು ಹೇಳಿದ ಪ್ರಶ್ನೆಗೆ ಅವಳು ನೇರವಾಗಿಯೇ ಉತ್ತರ ಕೊಟ್ಟಿದ್ದಳು. ಅಡ್ಡಿ ಅವಳ ತಿಳಿವಳಿಕೆಯಲ್ಲಿರಲಿಲ್ಲ, ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿತ್ತು. ಹಸಿವಾಗಬಾರದೆಂದರೆ ಎಂಟೂವರೆಗೆ ತಿಂಡಿ ಕೊಡಬೇಕು. ನಿದ್ದೆ ಬರಬಾರದೆಂದರೆ ಕೆಲಸ ಬೇಗ ಮುಗಿಯಬೇಕು. ಬೇಗ ಮುಗಿಸಿದರೆ ಸುಲಿತ ಕಡಿಮೆ, ದರ ಏರಿಸದಿದ್ದರೆ ನಷ್ಟ ಅವರಿಗೇ. ನಮ್ಮ ಮನೆಯವರ ಹತ್ತಿರ ಹೇಳಿದಾಗ ಅವರು ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ, "ಊರಿನ ದರ ನಾವೊಬ್ಬರೇ ಕೆಡಿಸಿದ ಹಾಗಾಗ್ತದೆ" ಎಂದರು. ಕೊನೆಗೆ ಅವಲಕ್ಕಿ, ಕಾಫಿ ಒಪ್ಪಿಗೆಯಾಯಿತು. ಕೆಲಸ ಹತ್ತಕ್ಕೆ ನಿಂತಿತು. ದರ ಸ್ವಲ್ಪ ಏರಿತು, ನಾನು ಕೇಳಿದಷ್ಟಲ್ಲ. ಇಬ್ಬರು ಬೇರೆ ಮನೆಯ ಸುಲಿತಕ್ಕೆ ಹೋದರು. ಕೆಲವರು ಹೊಗೆಸೊಪ್ಪನ್ನು ತಮ್ಮ ಸಂಚಿಯಲ್ಲೇ ತಂದುಕೊಂಡರು. ಮೂವರು ಕಡಿಮೆ ಮಾಡಿದರು.

ಅವಳ ಮೊದಲ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇಂದಿಗೂ ಪೂರ್ತಿ ಉತ್ತರವಿಲ್ಲ. ಇನ್ನೊಬ್ಬರ ಒಳಿತನ್ನು ನಾವೇ ತೀರ್ಮಾನಿಸಬಹುದೇ? ಮನುಷ್ಯರ ಮನಸ್ಸು ಹೇಗೆ ತಿರುಗುತ್ತದೆಂದು ತಿಳಿದುಕೊಂಡು ಅದನ್ನು ತಿರುಗಿಸುವುದು ಒಂದು ಬಗೆಯ ವಂಚನೆಯಲ್ಲವೇ? ಈ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತಿರುವುದು ಮಾರುವವರಿಗೆ. ಗುಟ್ಕಾವನ್ನು ಪುಟ್ಟ ಪೊಟ್ಟಣದಲ್ಲಿ, ಪುಡಿಗಾಸಿಗೆ, ಕಣ್ಣಿನ ಎತ್ತರಕ್ಕೆ ತೋರಣದಂತೆ ಇಳಿಬಿಟ್ಟವರು ಯಾವ ಡಿಪ್ಲೊಮಾ ಮಾಡಿದ್ದರು? ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೋಡಿಯಲ್ಲಿ ನೇತಾಡತೊಡಗಿದವು. ಅವರದೂ ನಮ್ಮದೂ ಒಂದೇ ಉಪಾಯವಾದರೆ, ವ್ಯತ್ಯಾಸ ಎಲ್ಲಿದೆ? ನನಗೆ ತೋಚಿದ್ದು ಇಷ್ಟು: ನಾನು ಏನು ಮಾಡುತ್ತಿದ್ದೇನೆ, ಯಾಕೆ ಎಂಬುದನ್ನು ಎದುರಿಗಿರುವವಳಿಗೆ ಬಿಡಿಸಿ ಹೇಳಿದ ಮೇಲೂ ಅದು ನಡೆಯಬೇಕು. ಅವಳು ಬೇಡ ಎಂದರೆ ಅವಳಿಗೆ ನನ್ನ ಮನೆಯ ಕಾಫಿ ತಪ್ಪಬಾರದು.

ಇನ್ನು ಅಡಿಕೆ. ತಂಬಾಕು ಸೇರದಿದ್ದರೂ ಅಡಿಕೆಯೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರದಿ ಪ್ರಕಟಿಸಿತು. ನಮ್ಮ ಕಡೆ ಈ ಮಾತನ್ನು ಎತ್ತಿದರೆ ಜಗಲಿಯಿಂದ ಎದ್ದು ಹೋಗುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ನನ್ನ ಮಗಳ ಓದಿಗೆ, ಅತ್ತೆಯ ಚಿಕಿತ್ಸೆಗೆ ಕೂಡ ಹಣ ಬಂದದ್ದು ಆ ಮರಗಳಿಂದ. ಆ ವರದಿಯನ್ನು ಓದಿ ನಾನು ಮಾಡಿದ್ದೇನು? ಮಡಿಸಿ ಬೀರುವಿನಲ್ಲಿಟ್ಟೆ. ಬದಲಾಗಲು ಸಿದ್ಧರಿಲ್ಲದವರ ಹಂತ ಅಂತ ಒಂದಿದೆ ನನ್ನ ನೋಟ್ಸಿನಲ್ಲಿ. ಅದರ ಮುಂದೆ ನನ್ನ ಹೆಸರನ್ನೇ ಬರೆಯಬಹುದು. ಅಕ್ಕಿ ಡಬ್ಬದ ಹಿಂದೆ ಮಾತ್ರೆ ಇಟ್ಟ ಗರ್ಭಿಣಿಯ ಮೇಲೆ ನನಗೀಗ ಮೊದಲಿನಷ್ಟು ಸಿಟ್ಟು ಬರುವುದಿಲ್ಲ.

ನಿವೃತ್ತಿಯ ಕೊನೆಯ ವರ್ಷಗಳಲ್ಲಿ ಸಭೆ, ಚಿತ್ರಪಟ ಕಡಿಮೆ ಮಾಡಿ ಬಾಯಿ ನೋಡುವ ಕೆಲಸ ಹಿಡಿದೆ. ಕೇರಳದಲ್ಲಿ ಇದರ ದೊಡ್ಡ ಪರೀಕ್ಷೆಯೇ ನಡೆದಿತ್ತು. ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಬಾಯಿ ತೆರೆದು ತೋರಿಸಲು ನಂಬಿಕೆ ಬೇಕು. ಬೈಯುವವರ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ.

ಹೋದ ವರ್ಷ ಸಾಗರದ ಸಂತೆಯಲ್ಲಿ ಆ ಬಾಯಿ ಜೋರಿನ ಹೆಂಗಸು ಸಿಕ್ಕಿದಳು. ಈಗ ಮುದುಕಿ. ಸುಲಿತಕ್ಕೆಲ್ಲ ಯಂತ್ರ ಬಂದು ರಾತ್ರಿ ಕೂರುವ ಕೆಲಸವೇ ಇಲ್ಲವೆಂದಳು. ಮೊಮ್ಮಗಳ ಕೈ ಹಿಡಿದುಕೊಂಡಿದ್ದಳು. ಕುಶಲ ಕೇಳಿ ಹೊರಡುವಷ್ಟರಲ್ಲಿ, "ಅಮ್ಮಾ, ಒಂಚೂರು ಇಲ್ಲಿ ನೋಡಿ" ಎಂದು ಬಿಸಿಲಿಗೆ ತಿರುಗಿ ಬಾಯಿ ತೆರೆದಳು. ಚೀಲದಿಂದ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ನಾಲಿಗೆಯ ಕೆಳಗೆ ಏನೂ ಇಲ್ಲ. ಎಡಗೆನ್ನೆಯ ಒಳಗೆ, ಹಿಂದಿನ ಹಲ್ಲಿನ ಹತ್ತಿರ, ಉಗುರಿನಷ್ಟು ಜಾಗ ಬೆಳ್ಳಗಿತ್ತು. ಎಷ್ಟು ದಿನವಾಯಿತು ಎಂದೆ. ಹದಿನೈದು ದಿನ ಎಂದಳು. ತರಕಾರಿಯ ಚೀಟಿಯ ಹಿಂದೆ ದಂತವೈದ್ಯರ ಕೋಣೆ ಯಾವ ಮಹಡಿಯಲ್ಲಿದೆ, ಯಾವ ದಿನ ಇರುತ್ತಾರೆ, ಅವಳ ಊರಿನಿಂದ ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸಿಗೆ ಹೊರಟರೆ ಸರಿ ಎಂದು ಬರೆದು ಮೊಮ್ಮಗಳ ಕೈಗೆ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನಾನೂ ಬಂದು ನಿಂತಿರುತ್ತೇನೆ ಎಂದೆ.